ವೈನಿಯ ಆರು ಚೀಲಗಳು: ತೆಂಗಿನ ನಾರಿನ ಪುಡಿಯಲ್ಲಿ ಅಣಬೆ ಬೆಳೆಯಲು ಹೋದ ಒಂದು ಪ್ರಕರಣ

ಜನವರಿ ಎರಡನೇ ವಾರ ವಿಜಯಪುರದಿಂದ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನ್ ಮಾಡಿದರು. ಆರಾಮ ಅದೀರೇನು ಅಂತ ಕೇಳುವ ಮೊದಲೇ ಶುರು ಮಾಡಿದರು. "ತಮ್ಮಾ, ಆರು ಚೀಲ ಕಟ್ಟಿದ್ದೆ. ನಲವತ್ತು ದಿನ ಕಾದೆ. ಬಂದದ್ದು ಒಂದು ಬಟ್ಟಲ ಪಲ್ಯಾ. ಎಲ್ಲಿ ತಪ್ಪೇತಿ ಹೇಳು ನೋಡೂಣು."

ನಾನು ಬಾಗಲಕೋಟೆಯ ನವನಗರದಲ್ಲಿ ಇರುವವನು. ನಾಲ್ಕು ವರ್ಷಗಳಿಂದ ಹಿತ್ತಲಿನ ಕೋಣೆಯಲ್ಲಿ ಚಿಪ್ಪು ಅಣಬೆ ಬೆಳೆಯುತ್ತೇನೆ. ಮಾರಾಟಕ್ಕಲ್ಲ, ಮನೆಗೆ ಮತ್ತು ಓಣಿಯ ನಾಲ್ಕು ಮನೆಗೆ. ಹಾಗಾಗಿ ನಮ್ಮ ಬಳಗದಲ್ಲಿ ಅಣಬೆಯ ಏನೇ ಪಂಚಾಯ್ತಿ ಇದ್ದರೂ ನನ್ನ ತನಕ ಬರುತ್ತದೆ. ಮುಂದಿನ ಭಾನುವಾರ ಬಸ್ ಹತ್ತಿದೆ. ಕೊಲ್ಹಾರದಲ್ಲಿ ಇಳಿದು ಒಂದು ಗಡಿಗೆ ಮೊಸರು ತಗೊಂಡೆ. ಈ ಗಡಿಗೆ ಮುಂದೆ ಕೆಲಸಕ್ಕೆ ಬರುತ್ತದೆ, ಅದಕ್ಕೇ ಹೇಳಿದೆ.

ವೈನಿ ಲೆಕ್ಕದಲ್ಲಿ ಬಲು ಗಟ್ಟಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಮೇಲೇ ಅಣಬೆಯ ಲೆಕ್ಕವನ್ನೂ ಬರೆದಿದ್ದರು. ಯಾವ ದಿನ ಕಟ್ಟಿದ್ದು, ಎಷ್ಟು ನೀರು, ಯಾವ ದಿನ ಬಿಳಿ ಕಂಡಿತು, ಎಷ್ಟು ಗ್ರಾಂ ಬಂತು, ಎಲ್ಲವೂ ಇತ್ತು. ಈ ಬರಹದ ಅಂಕಿಗಳೆಲ್ಲ ಆ ಕ್ಯಾಲೆಂಡರ್‌ನವು.

ಮನೆ ಮತ್ತು ಮೊದಲ ಸುತ್ತು

ಅಣ್ಣನ ಮನೆ ಹಳೆಯದು. ಮುಂದಿನ ಭಾಗಕ್ಕೆ ಸ್ಲ್ಯಾಬ್ ಬಿದ್ದಿದೆ. ಹಿಂದಿನ ಒಂದು ಕೋಣೆಗೆ ಮಾತ್ರ ಇನ್ನೂ ಮೇಲ್ಮುದ್ದೆ, ಅಂದರೆ ಮಣ್ಣಿನ ಚಾವಣಿ, ಇದೆ. ಮೊದಲು ಕಾಳುಕಡಿ ಇಡುತ್ತಿದ್ದ ಕೋಣೆ. ಕಿಟಕಿ ಚಿಕ್ಕದು, ಗೋಡೆ ದಪ್ಪ. ಡಿಸೆಂಬರ್‌ನಲ್ಲಿ ಒಳಗೆ 22ರಿಂದ 26 ಡಿಗ್ರಿ ಇರುತ್ತಿತ್ತು. ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಬೇಕು, ಅಂದರೆ ಜಾಗಕ್ಕೆ ಹೆಸರಿಡುವ ಹಾಗಿಲ್ಲ. ತೊಂದರೆ ಇದ್ದದ್ದು ಗಾಳಿಯಲ್ಲಿ. ಅಣಬೆ ಮೊಗ್ಗು ಬಿಡುವಾಗ ಗಾಳಿಯ ತೇವ ನೂರಕ್ಕೆ 80ರಿಂದ 85ರಷ್ಟು ಇರಬೇಕು. ವೈನಿ ತಂದಿಟ್ಟ ಪುಟ್ಟ ಮೀಟರ್ 45 ತೋರಿಸುತ್ತಿತ್ತು. ವಿಜಯಪುರದ ಚಳಿಗಾಲ ಅಂದರೆ ತುಟಿ ಒಡೆಯುವ ಕಾಲ, ಅಲ್ವಾ.

ವೈನಿಗೆ ಮೊದಲಿಂದಲೂ ಮಾಳಿಗೆ ಮೇಲೆ ಕುಂಡಗಳ ಹುಚ್ಚು. ಅದಕ್ಕಂತ 5 ಕಿಲೋದ ನಾರಿನ ಇಟ್ಟಿಗೆ ತಂದಿದ್ದರು. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆ ಅದು. ಅಂಗಡಿಯಲ್ಲಿ ಕೋಕೋಪೀಟ್ ಅಂತ ಕೇಳಿದರೆ ಕೊಡುತ್ತಾರೆ. ಒಂದು ದಿನ ವಿಡಿಯೋ ಒಂದರಲ್ಲಿ ಅದೇ ಇಟ್ಟಿಗೆ ಕಂಡಿತು. ಯಾರೋ ಒಬ್ಬರು ಬಕೆಟ್‌ಗೆ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಳ ಮುಚ್ಚಿದರು. ಮರುದಿನ ಬೀಜ ಬೆರೆಸಿದರು. ಕೊನೆಗೆ ಡಬ್ಬದ ತುಂಬ ಅಣಬೆ. ಹುಲ್ಲು ಕತ್ತರಿಸುವುದಿಲ್ಲ, ಹಂಡೆಯಲ್ಲಿ ಕುದಿಸುವುದಿಲ್ಲ. ಮನೆಯಲ್ಲೇ ಸಾಮಾನು ಇರುವಾಗ ಯಾರಿಗೆ ಆಸೆ ಆಗೋದಿಲ್ಲ?

ವೈನಿ ಅರ್ಧ ಕಿಲೋ ಚಿಪ್ಪು ಅಣಬೆ ಬೀಜ ತರಿಸಿದರು. ಬೀಜ ಅಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಅಣಬೆಯ ಬಿಳಿ ಎಳೆ ಹಬ್ಬಿಸಿದ್ದು. ಇಟ್ಟಿಗೆಯಿಂದ ಒಂದೂಕಾಲು ಕಿಲೋ ಮುರಿದು ತೆಗೆದರು. ಕಿಲೋಗೆ 8ರಿಂದ 9 ಲೀಟರ್ ಅಂತ ಪೊಟ್ಟಣದ ಮೇಲೆ ಇದ್ದ ಹಾಗೆ ನೀರು ಕುದಿಸಿ ಹೊಯ್ದರು. ಮರುದಿನ 2 ಕಿಲೋದಂತೆ ಆರು ಚೀಲ ಕಟ್ಟಿದರು. ಒಂದೊಂದಕ್ಕೆ 80 ಗ್ರಾಂ ಬೀಜ.

ಆದದ್ದು ಇಷ್ಟು. ಮೊದಲ ವಾರ ಎಲ್ಲ ಚೆಂದ. ಕಾಳಿನ ಸುತ್ತ ಬಿಳಿ ಚುಕ್ಕೆ ಎದ್ದವು. ಎರಡನೇ ವಾರ ಚುಕ್ಕೆ ದೊಡ್ಡದಾದವು, ಆದರೆ ಒಂದಕ್ಕೊಂದು ಕೂಡಲಿಲ್ಲ. 16ನೇ ದಿನ ಎರಡು ಚೀಲಗಳ ತಳದಲ್ಲಿ ಹಸಿರು ಬೂಷ್ಟು ಕಂಡಿತು. 30ನೇ ದಿನ ಉಳಿದ ನಾಲ್ಕು ಚೀಲ ಸೀಳಿ ನೀರು ಚಿಮುಕಿಸಿದರು. ಸಣ್ಣ ಸಣ್ಣ ಗೊಂಚಲು ಬಂದವು. ನಾಲ್ಕೂ ಸೇರಿ 210 ಗ್ರಾಂ. ಶೇಂಗಾ ಪುಡಿ ಹಾಕಿ ಪಲ್ಯ ಮಾಡಿದರು. ನಮ್ಮವ್ವ "ನಾಯಿಕೊಡಿ ತಿನ್ನಾಕ ನನಗೇನ್ ಬರಗಾಲ ಬಂದಿಲ್ಲ" ಅಂದು ಮೊಸರು ರೊಟ್ಟಿ ತಿಂದರಂತೆ. ಎರಡನೇ ಕೊಯ್ಲು ಬರಲೇ ಇಲ್ಲ.

ಚೀಲ ಹರಿದು ನೋಡಿದಾಗ

ವೈನಿ ಚೀಲಗಳನ್ನು ಎಸೆದಿರಲಿಲ್ಲ. ಅದೊಂದು ಪುಣ್ಯ. ಅಂಗಳದಲ್ಲಿ ಹಳೆ ಪೇಪರ್ ಹಾಸಿ ಒಂದೊಂದಾಗಿ ಹರಿದೆವು.

ಮೊದಲು ಕಂಡದ್ದು ನೀರು. ಚೀಲದ ತಳದಲ್ಲಿ ಎರಡು ಬೆರಳಿನಷ್ಟು ಕಂದು ನೀರು ನಿಂತಿತ್ತು. ಹುಳಿ ವಾಸನೆ. ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಧಾರೆ ಇಳಿಯಿತು. ಅಣಬೆಗೆ ಹದ ಅಂದರೆ ಹಿಂಡಿದಾಗ ಒಂದೆರಡು ಹನಿ ಮಾತ್ರ ಬರಬೇಕು. ಪೊಟ್ಟಣದ ಮೇಲಿನ 8-9 ಲೀಟರ್ ಲೆಕ್ಕ ಕುಂಡದ್ದು. ಕುಂಡಕ್ಕೆ ತಳದಲ್ಲಿ ತೂತು ಇರುತ್ತದೆ, ಹೆಚ್ಚಾದದ್ದು ಇಳಿದು ಹೋಗುತ್ತದೆ. ಚೀಲದಲ್ಲಿ ಎಲ್ಲಿಗೆ ಹೋಗಬೇಕು? ಅಣಬೆಗಾದರೆ ಕಿಲೋಗೆ 5ರಿಂದ 6 ಲೀಟರ್‌ನಿಂದ ಶುರು ಮಾಡಿ, ಮುಷ್ಟಿ ಹಿಂಡಿ ನೋಡಿ ಆಮೇಲೆ ಹೆಚ್ಚಿಸಬೇಕು. ನಯವಾದ ಪುಡಿ ನೀರು ಕುಡಿದು ಒತ್ತಿಕೊಂಡರೆ ನಡುವೆ ಗಾಳಿಗೆ ಸಂದಿಯೇ ಇರೋದಿಲ್ಲ. ಅಣಬೆಯೂ ನಮ್ಮ ಹಾಗೆ ಉಸಿರಾಡುವ ಜೀವ.

ಎರಡನೆಯದು ಇನ್ನೂ ಮುಖ್ಯ. ಚೀಲದ ನಡುವಿಂದ ಒಂದು ಹೆಂಟೆ ತೆಗೆದು ಬಿಡಿಸಿದೆ. ಜೋಳದ ಕಾಳುಗಳು ಟೊಳ್ಳಾಗಿದ್ದವು. ಒತ್ತಿದರೆ ಬರೀ ಸಿಪ್ಪೆ. ಒಳಗಿನದನ್ನೆಲ್ಲ ಅಣಬೆ ತಿಂದು ಮುಗಿಸಿತ್ತು. ಕಾಳಿನ ಸುತ್ತ ತೆಳ್ಳಗೆ ಜೇಡರ ಬಲೆಯಂತೆ ಬಿಳಿ. ಎರಡು ಕಾಳುಗಳ ನಡುವಿನ ನಾರಿನ ಪುಡಿ? ತಂದ ದಿನ ಹೇಗಿತ್ತೋ ಹಾಗೇ ಕಂದಾಗಿ ಕೂತಿತ್ತು. ಹುಲ್ಲಿನ ಚೀಲವಾದರೆ 20 ದಿನಕ್ಕೆ ಪೂರ್ತಿ ಬೆಳ್ಳಗಾಗಿ, ಥರ್ಮಾಕೋಲ್ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಬಡಿದರೆ ಡಬ್ ಡಬ್ ಅನ್ನುತ್ತದೆ. ಇದು ಒತ್ತಿದರೆ ಪುಡಿ ಪುಡಿ.

ಅಂದರೆ ಆ 210 ಗ್ರಾಂ ಅಣಬೆ ನಾರಿನ ಪುಡಿಯದಲ್ಲ. ಬಹುಪಾಲು ಜೋಳದ ಕಾಳಿನದು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಾರಿನ ಪುಡಿಯಲ್ಲಿ ನೂರಕ್ಕೆ ಸುಮಾರು 30ರಷ್ಟು ಲಿಗ್ನಿನ್ ಇರುತ್ತದೆ. ಕಟ್ಟಿಗೆಗೆ ಗಡಸುತನ ಕೊಡುವ ವಸ್ತು ಅದು. ಸಾರಜನಕ ತೀರಾ ಕಡಿಮೆ. ಇಂಗಾಲ ನೂರು ಭಾಗಕ್ಕೂ ಮೇಲಿದ್ದರೆ ಸಾರಜನಕ ಒಂದು ಭಾಗ. ನೆನೆಸಿದಾಗ ಚಹಾದ ಬಣ್ಣ ಬಿಡುತ್ತದಲ್ಲ, ಅದು ಟ್ಯಾನಿನ್ ತರಹದ ಒಗರು. ಬೇಗ ಜೀರ್ಣವಾಗುವ ಊಟ ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ತೆಂಗಿನ ಸಿಪ್ಪೆ ಇರುವುದೇ ಕಾಯಿಯನ್ನು ಕಾಯಲಿಕ್ಕೆ. ಸುಲಭವಾಗಿ ಕೊಳೆತರೆ ಅದಕ್ಕೇನು ಕೆಲಸ?

"ಹಂಗಾದ್ರ ವಿಡಿಯೋದಾಗ ಹೆಂಗ ಬಂತು? ಅವರೇನ್ ಸುಳ್ಳ ತೋರಿಸ್ಯಾರೇನು?" ಅಂದರು ವೈನಿ.

ಸುಳ್ಳಲ್ಲ. ನಾನೂ ಆ ವಿಡಿಯೋ ನೋಡಿದೆ. ಅವರು ಮೊದಲು ಬಾಟಲಿಗಟ್ಟಲೆ ಕಾಳಿನ ಮೇಲೆ ಎಳೆ ಹಬ್ಬಿಸುತ್ತಾರೆ. ಆಮೇಲೆ ಒಂದು ಪಾಲು ಕಾಳಿಗೆ ಒಂದೋ ಎರಡೋ ಪಾಲು ನಾರಿನ ಪುಡಿ ಬೆರೆಸುತ್ತಾರೆ. ಅಂದರೆ ಡಬ್ಬದ ಅರ್ಧವೋ ಮೂರನೇ ಒಂದೋ ಭಾಗ ಕಾಳೇ. ವೈನಿಯ ಚೀಲದಲ್ಲಿ ಕಾಳು ನೂರಕ್ಕೆ 4. ಅಲ್ಲಿ ಬೆಳೆಸುವ ಅಣಬೆಯ ಜಾತಿಯೂ ಬೇರೆ. ಊಟ ಕಾಳಿನದು, ನಾರು ನೀರು ಹಿಡಿದಿಡಲಿಕ್ಕೆ. ನಾರಿನಲ್ಲಿ ಊಟವಿಲ್ಲದ ಕಾರಣ ಬೂಷ್ಟಿಗೂ ಅಲ್ಲಿ ಕೆಲಸವಿಲ್ಲ, ಹಾಗಾಗಿ ಬಕೆಟ್‌ಗೆ ಕುದಿ ನೀರು ಸುರಿದರೆ ಸಾಕಾಗುತ್ತದೆ. ಅವರಿಗೆ ಅನುಕೂಲವಾದ ಗುಣವೇ ವೈನಿಗೆ ಉರುಳಾಯಿತು.

ಇಷ್ಟು ಹೇಳುವಷ್ಟರಲ್ಲಿ ಊಟಕ್ಕೆ ಕೂತಿದ್ದೆವು. ನಡುವೆ ಕೊಲ್ಹಾರದ ಗಡಿಗೆ ಇತ್ತು. ವೈನಿ ಮೊಸರು ಬಡಿಸುತ್ತ ಗಡಿಗೆಯನ್ನೇ ನೋಡಿದರು. ಮಣ್ಣಿನ ಗಡಿಗೆ ನೀರು ಹೀರಿದರೇನೇ ಆ ಮೊಸರು ಕೊಯ್ಯುವ ಹಾಗೆ ಗಟ್ಟಿಯಾಗುವುದು.

"ಅಂದ್ರ ನಾ ಬರೇ ಗಡಿಗಿಗೆ ಹೆಪ್ಪ ಹಾಕೀನಿ. ಹಾಲ ಹಾಕೋದು ಮರತೀನಿ" ಅಂದರು.

ನಾನು ಅರ್ಧ ತಾಸು ಹೇಳಿದ್ದನ್ನು ಅವರು ಒಂದು ಮಾತಲ್ಲಿ ಮುಗಿಸಿದರು. ಬೀಜ ಹೆಪ್ಪು, ಹುಲ್ಲು ಹಾಲು, ನಾರು ಗಡಿಗೆ.

ಆ ನೀಲಿ ಟಬ್

ಹಸಿರು ಬೂಷ್ಟಿನ ಲೆಕ್ಕ ಮಾತ್ರ ಕೂಡಲಿಲ್ಲ. ನಾರಿನಲ್ಲಿ ಊಟವಿಲ್ಲ, ಬೂಷ್ಟಿಗೆ ಕೆಲಸವಿಲ್ಲ ಅಂತ ಈಗಷ್ಟೇ ಹೇಳಿದೆನಲ್ಲ. ಮತ್ತೆ ಎರಡು ಚೀಲ ಹೇಗೆ ಹಸಿರಾದವು? ನೀರು ನಿಂತ ತಳದಲ್ಲಿ ಕಾಳು ಗುಂಪಾಗಿ ಬಿದ್ದಿದ್ದವು, ಅಲ್ಲಿಂದ ಶುರುವಾಗಿತ್ತು. ಬೂಷ್ಟಿಗೂ ಕಾಳೇ ಬೇಕು. ಆದರೆ ಬೂಷ್ಟಿನ ಬೀಜ ಬಂದದ್ದು ಎಲ್ಲಿಂದ?

ಮಾಳಿಗೆ ಹತ್ತಿದೆ. ನಾರು ನೆನೆಸಿದ ನೀಲಿ ಟಬ್ ಅಲ್ಲೇ ಇತ್ತು. ಪಕ್ಕದ ಹಲಗೆಯ ಮೇಲೆ ಅರ್ಧ ಖಾಲಿಯಾದ ಒಂದು ಪೊಟ್ಟಣ. ಎತ್ತಿ ನೋಡಿದರೆ ಟ್ರೈಕೋಡರ್ಮಾ.

ವೈನಿಯ ತವರು ಬಸವನ ಬಾಗೇವಾಡಿ ಕಡೆ. ತೊಗರಿ ಹೊಲ ಇದೆ. ತೊಗರಿಗೆ ಬರುವ ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಅದಕ್ಕೆ ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ಲೇಪಿಸುವುದು ನಮ್ಮ ಕಡೆ ಗೊತ್ತಿರುವ ಕ್ರಮ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಆದರೆ ಬೇರೆ ಶಿಲೀಂಧ್ರಗಳನ್ನು ಅಡಗಿಸುವಂಥದ್ದು. ಹೊಲಕ್ಕೆ ಮಿತ್ರ. ತವರಿನಿಂದ ಬಂದ ಪೊಟ್ಟಣವನ್ನು ವೈನಿ ಗೊಬ್ಬರದಲ್ಲಿ ಬೆರೆಸಿ ಕುಂಡಗಳಿಗೂ ಹಾಕುತ್ತಿದ್ದರು. ಬೆರೆಸುತ್ತಿದ್ದದ್ದು ಅದೇ ನೀಲಿ ಟಬ್‌ನಲ್ಲಿ.

ಅಣಬೆಯೂ ಶಿಲೀಂಧ್ರ ಅಲ್ವಾ. ಅಣಬೆ ಬೆಳೆಯುವವರು ಹಸಿರು ಬೂಷ್ಟು ಅಂತ ಹೆದರುವುದು ಹೆಚ್ಚಾಗಿ ಇದೇ ಟ್ರೈಕೋಡರ್ಮಾಕ್ಕೆ. "ಕಳ್ಳನ್ನ ನೀವ ರೊಕ್ಕಾ ಕೊಟ್ಟ ಕರಕೊಂಡ ಬಂದೀರಿ ವೈನಿ" ಅಂದೆ. ಅವರಿಗೆ ನಗು ಬರಲಿಲ್ಲ.

ಬೇರೆ ದಾರಿಯಿಂದಲೂ ಬಂದಿರಬಹುದು. ನಾರಿನ ಪುಡಿಯಲ್ಲೂ ಈ ಬೂಷ್ಟು ಇರುವುದುಂಟು, ಗಾಳಿಯಲ್ಲೂ ಇರುತ್ತದೆ. ಆದರೆ ಟಬ್ ನೋಡಿದ ಮೇಲೆ ನಾನು ಇನ್ನೇನೂ ಹುಡುಕಲಿಲ್ಲ. ಮಾಳಿಗೆ ತೋಟ ಮತ್ತು ಅಣಬೆ ಎರಡೂ ಇರುವ ಮನೆಗಳಿಗೆ ಇದೊಂದು ಮಾತು: ಟಬ್ ಬೇರೆ, ಕೈವಸ್ತ್ರ ಬೇರೆ, ಬೆಳಿಗ್ಗೆ ಮೊದಲು ಅಣಬೆ ಕೆಲಸ, ಆಮೇಲೆ ಕುಂಡದ ಕೆಲಸ. ತಿರುವುಮುರುವು ಮಾಡಿದರೆ ಸ್ನಾನ ಮಾಡಿ ಬರಬೇಕು.

ಉಪ್ಪಿನ ಅನುಮಾನವೂ ಇತ್ತು. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಸೋಡಿಯಂ, ಪೊಟ್ಯಾಸಿಯಂ ಲವಣ ಇರುತ್ತವೆ. ಸಮುದ್ರ ತೀರದಲ್ಲಿ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರೆ ಇನ್ನೂ ಜಾಸ್ತಿ. ವೈನಿ ತೊಳೆದಿರಲಿಲ್ಲ. ಮೇಲಿಂದ ಬೋರ್‌ವೆಲ್‌ನ ಸವಳು ನೀರು ಹಾಕಿದ್ದರು. ಆದರೂ ಇದು ಮುಖ್ಯ ಕಾರಣ ಅಂತ ನನಗೆ ಅನಿಸಲಿಲ್ಲ. ಉಪ್ಪು ಹೆಚ್ಚಾಗಿದ್ದರೆ ಕಾಳಿನ ಸುತ್ತ ಎದ್ದ ಎಳೆಯೂ ಏಳುತ್ತಿರಲಿಲ್ಲ. ಮುಂದಿನ ಸಲ ನಳದ ನೀರಿನಲ್ಲಿ ಮೂರು ಸಲ ತೊಳೆದು, ಚಹಾ ಬಣ್ಣ ತೆಳುವಾಗುವ ತನಕ ಹಿಂಡಿ ಹಾಕುವುದು ಅಂತ ಮಾತಾಯಿತು.

ಎರಡನೇ ಸುತ್ತು: ಮೂರು ಜೋಡಿ

ನಾರು ಬಿಟ್ಟು ಬಿಡಿ, ಹುಲ್ಲಿನಲ್ಲೇ ಮಾಡಿ ಅಂತ ಹೇಳಿ ನಾನು ಬಸ್ ಹತ್ತಬಹುದಿತ್ತು. ವೈನಿ ಬಿಡಲಿಲ್ಲ. ಇಟ್ಟಿಗೆಗೆ ಕೊಟ್ಟ ದುಡ್ಡು ಬೀಜಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ. ಮುಕ್ಕಾಲು ಇಟ್ಟಿಗೆ ಹಾಗೇ ಬಿದ್ದಿದೆ. ಹಾಗಾಗಿ ಹೋಲಿಸಿ ನೋಡುವುದು ಅಂತ ನಿಶ್ಚಯವಾಯಿತು. ಜನವರಿ ಕೊನೆಗೆ ಮತ್ತೆ ಆರು ಚೀಲ, ಎರಡೆರಡರಂತೆ ಮೂರು ಜೋಡಿ.

ಮೊದಲ ಜೋಡಿ ಬರೀ ಜೋಳದ ಕಣಕಿ, ಅಂದರೆ ಒಣಗಿದ ದಂಟು. ಎರಡನೇ ಜೋಡಿಯಲ್ಲಿ ಒಣ ತೂಕದ ಲೆಕ್ಕದಲ್ಲಿ ಮುಕ್ಕಾಲು ಕಣಕಿ, ಕಾಲು ನಾರಿನ ಪುಡಿ. ಮೂರನೇ ಜೋಡಿ ಪೂರ್ತಿ ನಾರು, ಊಟಕ್ಕಂತ ನೂರಕ್ಕೆ 10 ಗೋಧಿ ತೌಡು. ಎಲ್ಲ ಚೀಲದಲ್ಲೂ ಒಣ ಸಾಮಾನು 700 ಗ್ರಾಂ, ಬೀಜ 80 ಗ್ರಾಂ. ತೌಡಿನ ವಿಚಾರ ನನ್ನದು. ನೆನಪಿರಲಿ, ವೈನಿಯದಲ್ಲ.

ಪುಸ್ತಕಗಳಲ್ಲಿ ಭತ್ತದ ಹುಲ್ಲು ಅಂತ ಇರುತ್ತದೆ. ಬೆಳಗಾವಿ, ಖಾನಾಪುರ ಕಡೆ ಅದು ಸಲೀಸಾಗಿ ಸಿಗುತ್ತದೆ. ವಿಜಯಪುರದಲ್ಲಿ ಅದನ್ನು ಹುಡುಕಿಕೊಂಡು ಯಾರು ಹೋಗಬೇಕು? ಜೋಳದ ನಾಡಿನಲ್ಲಿ ಕಣಕಿಗೇನು ಬರ. ಆದರೆ ಹಿಂಗಾರಿ ಜೋಳ ಕಟಾವಾಗುವುದು ಫೆಬ್ರವರಿ ಹೊತ್ತಿಗೆ. ಜನವರಿಯಲ್ಲಿ ಸಿಗುವುದು ಹೋದ ವರ್ಷದ ಬಣವೆಯ ಕಣಕಿ. ಬಣವೆಯ ಮೇಲಿನದು ಮಳೆ ಕುಡಿದು ಕಪ್ಪಾಗಿರುತ್ತದೆ. ಅದು ಬೇಡ. ಒಳಗಿಂದ ಎಳೆದ, ಹಳದಿ ಬಣ್ಣ ಉಳಿದಿರುವ ಕಣಕಿಯೇ ಬೇಕು. ವೈನಿಯ ತಮ್ಮ ಮೇವು ಕತ್ತರಿಸುವ ಯಂತ್ರದಲ್ಲಿ ಒಂದೂವರೆ ಇಂಚಿಗೆ ಕತ್ತರಿಸಿ ಎರಡು ಚೀಲ ತಂದುಕೊಟ್ಟ. ದಂಟು ದಪ್ಪ ಇದ್ದದ್ದನ್ನು ನಾವು ಒರಳಿನಲ್ಲಿ ಹಾಕಿ ಒನಕೆಯಿಂದ ಜಜ್ಜಿದೆವು. ಹೊರಗಿನ ಸಿಪ್ಪೆ ಬಿರುಸು ಇರುತ್ತದೆ, ಜಜ್ಜದಿದ್ದರೆ ನೀರು ಒಳಗೆ ಇಳಿಯೋದಿಲ್ಲ.

ಗೋಣಿಚೀಲದಲ್ಲಿ ತುಂಬಿ, ಮೇಲೆ ಕಲ್ಲು ಹೇರಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿದೆವು. ಬೆಳಿಗ್ಗೆ ಸ್ನಾನದ ಹಂಡೆಯಲ್ಲಿ 80 ಡಿಗ್ರಿಯಲ್ಲಿ ಒಂದು ತಾಸು. ಥರ್ಮಾಮೀಟರ್ ಇಲ್ಲದವರು ಹೀಗೆ ನೋಡಬಹುದು: ಹಂಡೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಕುದ್ದರೆ ಒಳ್ಳೆಯ ಸೂಕ್ಷ್ಮಜೀವಿಗಳೂ ಸತ್ತು, ಖಾಲಿ ಮನೆಗೆ ಬೂಷ್ಟು ಮೊದಲು ನುಗ್ಗುತ್ತದೆ. ಆಮೇಲೆ ತೊಳೆದ ಹೊರಸಿನ ಮೇಲೆ ಹರವಿ, ಹಿಂಡಿದರೆ ಎರಡು ಹನಿ ಬರುವ ತನಕ ಆರಿಸಿದೆವು. ನಾರಿಗೆ ಪ್ರತ್ಯೇಕವಾಗಿ ಕುದಿ ನೀರು, ಹೊಸ ಬಕೆಟ್. ನೀಲಿ ಟಬ್ ಮಾಳಿಗೆಯಿಂದ ಕೆಳಗೆ ಇಳಿಯಲಿಲ್ಲ.

ಒಂದು ಪದರ ಸಾಮಾನು, ಅಂಚಿಗೆ ಒಂದು ಸುತ್ತು ಬೀಜ, ಹೀಗೆ ನಾಲ್ಕು ಪದರ. ಚೀಲಕ್ಕೆ ಹತ್ತು ಹನ್ನೆರಡು ತೂತು. ಕತ್ತಲೆ ಕೋಣೆಯಲ್ಲಿ ನೇತು ಹಾಕಿದೆವು.

ಮೊದಲ ಜೋಡಿ 18 ದಿನಕ್ಕೆ ಬೆಳ್ಳಗಾಯಿತು. ಎರಡನೆಯದು 20 ದಿನಕ್ಕೆ. ಮೂರನೆಯದರಲ್ಲಿ ಒಂದು ಚೀಲ ಹತ್ತನೇ ದಿನಕ್ಕೆ ಕಡು ಹಸಿರು. ಅಂಗಳಕ್ಕೆ ತಂದು ಹೂಳುವಾಗ ವೈನಿ ಏನೂ ಅನ್ನಲಿಲ್ಲ, ನನ್ನ ಮುಖ ಮಾತ್ರ ನೋಡಿದರು. ತೌಡಿನಂಥ ಸಮೃದ್ಧ ಊಟ ಹಾಕಿದರೆ ಕುದಿ ನೀರು ಸುರಿದದ್ದು ಸಾಲದು, ಕುಕ್ಕರ್‌ನಲ್ಲಿ ಒತ್ತಡದ ಆವಿಗೆ ಇಡಬೇಕು. ಗೊತ್ತಿದ್ದೂ ಒಂದು ಸಲ ನೋಡೋಣ ಅಂತ ಮಾಡಿದ್ದೆ. ಉಳಿದ ಇನ್ನೊಂದು ಚೀಲ 120 ಗ್ರಾಂ ಕೊಟ್ಟು ನಿಂತಿತು.

ಚೀಲ ಸೀಳಿದ ಮೇಲೆ ಕೋಣೆಯ ಗೋಡೆಗೆ ಗೋಣಿತಟ್ಟು ಇಳಿಬಿಟ್ಟು ದಿನಕ್ಕೆ ಮೂರು ಸಲ ನೀರು ಹಾಕಿದರು. ಮೀಟರ್ 70-75ಕ್ಕೆ ಏರಿತು, ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಆರನೇ ದಿನಕ್ಕೆ ಗುಂಡುಸೂಜಿ ತಲೆಯಂಥ ಮೊಗ್ಗು.

ಇನ್ನು ತೂಕ. ಮೊದಲ ಕೊಯ್ಲಿನಲ್ಲಿ ಬರೀ ಕಣಕಿಯ ಜೋಡಿ 520 ಗ್ರಾಂ, ನಾರು ಬೆರೆಸಿದ ಜೋಡಿ 500. ಹೆಚ್ಚು ಕಡಿಮೆ ಒಂದೇ. ಎರಡನೇ ಕೊಯ್ಲಿನಲ್ಲಿ 290 ಮತ್ತು 380. ಮೂರನೆಯದರಲ್ಲಿ 120 ಮತ್ತು 230. ಒಟ್ಟು 930 ಗ್ರಾಂ, ಇನ್ನೊಂದು 1,110 ಗ್ರಾಂ. ಎರಡು ಚೀಲದ ಒಣ ಸಾಮಾನು 1,400 ಗ್ರಾಂ. ಆ ಲೆಕ್ಕಕ್ಕೆ ಬರೀ ಕಣಕಿಯದು ನೂರಕ್ಕೆ 66, ಬೆರಕೆಯದು ನೂರಕ್ಕೆ 79.

ಈ ಅಂಕಿಗಳಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಒಟ್ಟು ತೂಕವಲ್ಲ, ವ್ಯತ್ಯಾಸ ಶುರುವಾದ ಜಾಗ. ನಾರು ಊಟ ಕೊಟ್ಟಿದ್ದರೆ ಮೊದಲ ಕೊಯ್ಲಿನಲ್ಲೇ ಕಾಣಬೇಕಿತ್ತು. ಕಾಣಲಿಲ್ಲ. ಎರಡನೇ, ಮೂರನೇ ಕೊಯ್ಲಿನ ಹೊತ್ತಿಗೆ ಮಾರ್ಚ್ ಬಂದಿತ್ತು, ಗಾಳಿ ಬಿರುಸಾಗಿತ್ತು. ಬರೀ ಕಣಕಿಯ ಚೀಲ ಎತ್ತಿದರೆ ಹತ್ತಿಯಷ್ಟು ಹಗುರ. ಬೆರಕೆಯ ಚೀಲ ಇನ್ನೂ ತೂಕವಾಗಿತ್ತು. ಹಾಲು ಇದ್ದಾಗ ಗಡಿಗೆ ತನ್ನ ಕೆಲಸ ಮಾಡಿತು, ಅಷ್ಟೇ.

ಎರಡೆರಡು ಚೀಲ ನೋಡಿ ಷರಾ ಬರೆಯಬಾರದು, ಗೊತ್ತು. ನಾನು ನವನಗರದಲ್ಲಿ ಮುಂದಿನ ಮಳೆಗಾಲದಲ್ಲಿ ಇದೇ ಬೆರಕೆ ಹಾಕಿ ನೋಡಿದೆ, ಬರೀ ಕಣಕಿಗೂ ಅದಕ್ಕೂ ಏನೂ ಫರಕು ಬರಲಿಲ್ಲ. ಗಾಳಿಯಲ್ಲೇ ತೇವ ಇರುವಾಗ ನೀರು ಕೂಡಿಡುವವನಿಗೆ ಏನು ಬೆಲೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಒಣ ಹವೆಯ ಊರು, ಚಳಿಗಾಲದಿಂದ ಬೇಸಿಗೆಗೆ ತಿರುಗುವ ಹೊತ್ತು, ಆಗ ಕಾಲು ಪಾಲು ನಾರು ಬೆರೆಸಬಹುದು. ಅದಕ್ಕಿಂತ ಜಾಸ್ತಿ ಬೇಡ. ಬೆಳಗಾವಿಯಂಥ ತಂಪು ಊರಿನಲ್ಲಿ, ಮಳೆಗಾಲದಲ್ಲಿ, ಅದಕ್ಕೆ ದುಡ್ಡು ಹಾಕುವುದು ಸುಮ್ನೆ.

ನಡುವೆ ಒಂದು ಕೆಮ್ಮು

ಎರಡನೇ ಕೊಯ್ಲಿನ ವೇಳೆಗೆ ಅಣ್ಣನಿಗೆ ರಾತ್ರಿ ಒಣ ಕೆಮ್ಮು ಶುರುವಾಯಿತು. ಕಾಳಿನ ಕೋಣೆಯ ಕಿಟಕಿ ಅವನು ಮಲಗುವ ಪಡಸಾಲೆಗೆ ತೆರೆಯುತ್ತದೆ. ವೈನಿ ಅಣಬೆ ಇನ್ನೂ ದೊಡ್ಡದಾಗಲಿ ಅಂತ ಎರಡು ದಿನ ಜಾಸ್ತಿ ಬಿಡುತ್ತಿದ್ದರು. ಕೊಡೆಯ ಅಂಚು ಮೇಲೆ ತಿರುಗಿದ ಮೇಲೆ ಚಿಪ್ಪು ಅಣಬೆ ಬೀಜಕಣ ಉದುರಿಸುತ್ತದೆ. ಕೆಳಗಿನ ನೆಲದ ಮೇಲೆ ಬಿಳಿ ಹಿಟ್ಟು ಹರಡಿದ ಹಾಗೆ ಕಾಣುತ್ತದೆ. ಕೆಲವರಿಗೆ ಅದು ಎದೆಗೆ ಹತ್ತುತ್ತದೆ. ಅಂಚು ಇನ್ನೂ ಕೆಳಗೆ ಬಾಗಿರುವಾಗಲೇ ಕೊಯ್ಯಲು ಶುರು ಮಾಡಿದರು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರು, ಒಳಗೆ ಹೋಗುವಾಗ ಮಾಸ್ಕ್. ಕೆಮ್ಮು ನಿಂತಿತು. ದಮ್ಮು ಇರುವವರ ಮನೆಯಲ್ಲಿ ಅಣಬೆ ಕೋಣೆ ಮಲಗುವ ಜಾಗದಿಂದ ದೂರ ಇರಲಿ.

ಬೇಸಿಗೆ: ನಾರಿಗೆ ಸಿಕ್ಕ ಸರಿಯಾದ ಕೆಲಸ

ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿತು. ಒದ್ದೆ ಗೋಣಿ ಕಟ್ಟಿದ ಮೇಲ್ಮುದ್ದೆ ಕೋಣೆಯೂ 33ಕ್ಕೆ ಏರಿತು. ಚಿಪ್ಪು ಅಣಬೆಗೆ ಅದು ಆಗಿಬರುವುದಿಲ್ಲ. ಆದರೆ ಹಾಲು ಅಣಬೆಗೆ 30ರಿಂದ 35 ಡಿಗ್ರಿಯೇ ಹಬ್ಬ. ಬೆಳ್ಳಗೆ, ದಪ್ಪ ಕಾಂಡದ, ಕೊಯ್ದ ಮೇಲೂ ಬೇಗ ಬಾಡದ ಅಣಬೆ. ನಮ್ಮ ಜಿಲ್ಲೆಗಳ ಬೇಸಿಗೆಗೆ ಹೇಳಿ ಮಾಡಿಸಿದ್ದು.

ಹಾಲು ಅಣಬೆಯ ರೀತಿಯೇ ಬೇರೆ. ಹುಲ್ಲಿನ ಚೀಲ ಬೆಳ್ಳಗಾದ ಮೇಲೆ ಬಾಯಿ ತೆರೆದು, ಮೇಲೆ 2ರಿಂದ 3 ಸೆಂಟಿಮೀಟರ್ ದಪ್ಪ ಹೊದಿಕೆ ಹಾಕಬೇಕು. ಕೇಸಿಂಗ್ ಅನ್ನುತ್ತಾರೆ. ಈ ಹೊದಿಕೆ ಹಾಕದೆ ಅದು ಸರಿಯಾಗಿ ಬೆಳೆ ಕೊಡುವುದಿಲ್ಲ. ಹೊದಿಕೆಯಲ್ಲಿ ಊಟ ಇರಬಾರದು. ಇದ್ದರೆ ಬೂಷ್ಟು ಬರುತ್ತದೆ. ನೀರು ಹಿಡಿಯಬೇಕು, ಗಾಳಿಯಾಡಬೇಕು, ಹೆಪ್ಪುಗಟ್ಟಬಾರದು. ಓದುತ್ತಿದ್ದರೆ ಯಾರ ನೆನಪು ಬರುತ್ತದೆ? ಊಟವಿಲ್ಲದ, ನೀರು ಹಿಡಿಯುವ ಅದೇ ನಾರಿನ ಪುಡಿ.

ಮೂರು ಚೀಲ ಮಾಡಿದೆವು. ಮೂರರಲ್ಲೂ ಬರೀ ಕಣಕಿ. ಹೊದಿಕೆ ಮಾತ್ರ ಬೇರೆ ಬೇರೆ. ಒಂದಕ್ಕೆ ತೊಳೆದ ನಾರು ಮತ್ತು ಜರಡಿ ಹಿಡಿದ ಕೆಂಪು ಮಣ್ಣು ಸಮಸಮ. ಇನ್ನೊಂದಕ್ಕೆ ಬರೀ ನಾರು. ಮೂರನೆಯದಕ್ಕೆ ವೈನಿ ಹಟ ಮಾಡಿ ತವರಿನ ಹೊಲದ ಎರೆ ಮಣ್ಣು ಹಾಕಿದರು. ಎಲ್ಲವನ್ನೂ ಒಂದು ತಾಸು ಆವಿಯಲ್ಲಿ ಬೇಯಿಸಿ ಆರಿಸಿದ್ದು. ನಾರು ಸ್ವಲ್ಪ ಹುಳಿ ಗುಣದ್ದು. ಹೊದಿಕೆಗೆ ಅದು ಬೇಡ, ಹಾಗಾಗಿ ನಾರಿದ್ದ ಎರಡಕ್ಕೂ ಒಂದೊಂದು ಮುಷ್ಟಿ ಸುಣ್ಣದ ಕಲ್ಲಿನ ಪುಡಿ ಬೆರೆಸಿದೆವು.

ಎರೆ ಮಣ್ಣಿನ ಚೀಲ ನಾಲ್ಕೇ ದಿನಕ್ಕೆ ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟಿತು. ನೀರು ಹಾಕಿದರೆ ಅಂಟು, ಬಿಟ್ಟರೆ ಬಿರುಕು. ಬಿರುಕಿನ ಬಾಯಲ್ಲಿ ನಾಲ್ಕು ಅಣಬೆ ಎದ್ದವು, 140 ಗ್ರಾಂ. ಬರೀ ನಾರಿನದು 360 ಗ್ರಾಂ. ಅದು ಹಗುರವಾದ್ದರಿಂದ ದೊಡ್ಡ ಅಣಬೆ ಎದ್ದಾಗ ಹೊದಿಕೆ ಸಮೇತ ಕಿತ್ತು ಬರುತ್ತಿತ್ತು. ನಾರು-ಮಣ್ಣು ಬೆರೆಸಿದ್ದು 410 ಗ್ರಾಂ. ಮೊದಲ ಮೊಗ್ಗು ಹೊದಿಕೆ ಹಾಕಿದ ಹನ್ನೆರಡನೇ ದಿನ ಕಂಡಿತು. ಈ ಸಲ ಅವ್ವ ಸಾರಿನಲ್ಲಿ ಒಂದು ತುಂಡು ತಿಂದು, "ಬದನಿಕಾಯಿ ಇದ್ದಂಗ ಐತಿ" ಅಂದರು. ಅದು ಹೊಗಳಿಕೆಯೋ ಅಲ್ಲವೋ ಇನ್ನೂ ತಿಳಿದಿಲ್ಲ.

ನಾರಿದ್ದ ಎರಡು ಚೀಲದ ಹೊದಿಕೆಗೆ ಹಿಡಿದ ಒಣ ನಾರು ಅರ್ಧ ಕಿಲೋ ಕೂಡ ಇಲ್ಲ. ಆರು ಚೀಲಕ್ಕೆ ಹಾಕಿ ಕೈ ಸುಟ್ಟುಕೊಂಡ ಪುಡಿಯಲ್ಲಿ ಇಡೀ ಬೇಸಿಗೆ ನಡೆಯುತ್ತಿತ್ತು.

ಮುಗಿದ ಚೀಲಗಳು

ಬೆಳೆ ಮುಗಿದ ಚೀಲಗಳೆಲ್ಲ ಕುಂಡಕ್ಕೆ ಹೋದವು. ನಾರು ಬೆರೆಸಿದ್ದನ್ನು ಕೈಯಲ್ಲಿ ಹಿಡಿದರೆ ಕಪ್ಪಾಗಿ, ಮೆತ್ತಗಾಗಿತ್ತು. ಮೊದಲ ಸುತ್ತಿನ ಬರೀ ನಾರು ಕಂದಾಗಿಯೇ ಇತ್ತು. ಚಿಪ್ಪು ಅಣಬೆಗೆ ನಾರನ್ನು ಕರಗಿಸುವ ಶಕ್ತಿ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ತೆಂಗಿನ ನಾರು ಮಂಡಳಿ, ಅಂದರೆ ಕಾಯರ್ ಬೋರ್ಡ್‌ನವರು, ನಾರಿನ ಪುಡಿ ಕೊಳೆಸಲು ಪಿತ್‌ಪ್ಲಸ್ ಅಂತ ಕೊಡುವುದು ಚಿಪ್ಪು ಅಣಬೆಯದೇ ಒಂದು ಜಾತಿ. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಸೇರಿಸಿ, ಪದರ ಪದರವಾಗಿ ಹಾಕಿ, ತೇವ ಕಾಯ್ದುಕೊಂಡರೆ ನಾರಿನ ಪುಡಿ ಗೊಬ್ಬರವಾಗುತ್ತದೆ. ಯೂರಿಯಾ ಕೊಡುವ ಸಾರಜನಕ ಇದ್ದರೆ ಅದು ಲಿಗ್ನಿನ್ ಕಡೆ ಹಲ್ಲು ಹಾಕುತ್ತದೆ. ಆದರೆ ಅದು ಗೊಬ್ಬರದ ದಾರಿ. ಇದನ್ನು ಕೇಳಿದ ಕೂಡಲೇ ಚೀಲಕ್ಕೆ ಯೂರಿಯಾ ಹಾಕಲಾ ಅಂತ ವೈನಿ ಕೇಳಿದರು. ಬೇಡವೇ ಬೇಡ ಅಂದೆ. ತಿನ್ನುವ ಬೆಳೆಯ ಚೀಲದಲ್ಲಿ ಅಂದಾಜಿನ ಮೇಲೆ ಯೂರಿಯಾ ಹಾಕಿದರೆ ಅಮೋನಿಯಾ ವಾಸನೆ ಎದ್ದು ಎಳೆಯೂ ಸಾಯುತ್ತದೆ.

ಟ್ರೈಕೋಡರ್ಮಾ ಪೊಟ್ಟಣ ತವರಿನ ತೊಗರಿ ಹೊಲಕ್ಕೆ ವಾಪಸ್ ಹೋಯಿತು. ಉಳಿದ ನಾರಿನ ಇಟ್ಟಿಗೆ ಪ್ಲಾಸ್ಟಿಕ್ ಡಬ್ಬದಲ್ಲಿದೆ, ಮೇಲೆ "ಹೊದಿಕೆಗೆ" ಅಂತ ಚೀಟಿ. ಮೊನ್ನೆ ಫೋನ್ ಮಾಡಿದ್ದರು. ಚಳಿ ಬೀಳುತ್ತಲೇ ಎಂಟು ಚೀಲ ಕಟ್ಟುತ್ತಾರಂತೆ. ಅದರಲ್ಲಿ ಒಂದು ಜೋಡಿಗೆ ಕಣಕಿಯ ಜೊತೆ ತೊಗರಿ ಹೊಟ್ಟು ಬೆರೆಸಿ ನೋಡುವುದು ಅವರದೇ ಯೋಚನೆ. "ನೀ ಏನಂತಿ?" ಅಂದರು. ತೌಡಿನ ಚೀಲ ಹೂತ ಜಾಗ ನೆನಪಾಗಿ ನಾನು ಏನೂ ಅನ್ನಲಿಲ್ಲ.